ಹಳ್ಳಿ ಕ್ಲಬ್ಬಿನ ಚರಿತ್ರೆ ಬರೆಯುವುದು ಹೇಗೆ? ಐರ್ಲೆಂಡಿನವರ ಪುಸ್ತಕ ನೋಡಿ ಕೇಳುತ್ತಿದ್ದೇನೆ

ಶಿರ್ವ ಕಡೆಯವ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಯುವಕ ಮಂಡಲಕ್ಕೆ ಮುಂದಿನ ವರ್ಷ 50 ತುಂಬುತ್ತದೆ. ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರಬೇಕು ಅಂತ ಮಹಾಸಭೆಯಲ್ಲಿ ಮಾತಾಯಿತು. ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಕೈಯಲ್ಲಿ ಇರುವುದು ಎಂತ? ಒಂದು ಕಪಾಟು ತುಂಬ ಶೀಲ್ಡು, ಗೆದ್ದಲು ತಿಂದ ಒಂದು ರಿಜಿಸ್ಟರು, ಮತ್ತೆ ಅತಿಥಿಗಳಿಗೆ ಹಾರ ಹಾಕುವ ಫೋಟೋಗಳು. ಆಡಿದವರ ಫೋಟೋ ಹುಡುಕಿದರೆ ಒಂದೂ ಇಲ್ಲ!

ನನ್ನ ತಂಗಿ ಐರ್ಲೆಂಡಿನಲ್ಲಿ ನರ್ಸ್. ಕಿಲ್ಕೆನಿ ಕೌಂಟಿಯ ಒಂದು ಹಳ್ಳಿಯಲ್ಲಿ ಮನೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅವಳ ಮಗ ಅಲ್ಲಿನ ಕ್ಲಬ್ಬಿನಲ್ಲಿ ಹರ್ಲಿಂಗ್ ಆಡುತ್ತಾನೆ. ಕೋಲಿನಲ್ಲಿ ಚೆಂಡು ಹೊಡೆಯುವ ಆಟ. ಆ ಕ್ಲಬ್ಬಿನ ಚರಿತ್ರೆ ಪುಸ್ತಕದ ಕೆಲವು ಪುಟ ವಾಟ್ಸಾಪಿನಲ್ಲಿ ಕಳಿಸಿದ್ದಾಳೆ. ನೂರು ವರ್ಷಕ್ಕೂ ಹಿಂದಿನ ತಂಡದಲ್ಲಿ ಯಾರ್ಯಾರು ಆಡಿದರು, ಯಾವ ಮನೆಯವರು, ಕಸುಬು ಏನು, ಎಲ್ಲ ಉಂಟು. ಊರಲ್ಲಿ ನೋಡಿದರೆ ಒಂದು ಇಗರ್ಜಿ (ಚರ್ಚು), ಒಂದು ಶಾಲೆ, ಎರಡು ಪಬ್ಬು. ಅಷ್ಟು ಸಣ್ಣ ಊರಿನವರಿಗೆ ಇದೆಲ್ಲ ಎಲ್ಲಿಂದ ಸಿಕ್ಕಿತು? ನಮ್ಮಿಂದ ಯಾಕೆ ಆಗುವುದಿಲ್ಲ? ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಸುಮ್ನೆ ಓದುವವ:

ಅಣ್ಣ, ಅಷ್ಟೆಲ್ಲ ಮಂಡೆ ಬಿಸಿ ಮಾಡಿಕೊಳ್ಳಬೇಡಿ. ಮೊದಲ ಐದು ಪುಟ ಶಾಸಕರ, ಸಂಸದರ ಸಂದೇಶ. ಆಮೇಲೆ ಗೌರವಾಧ್ಯಕ್ಷರ ಫೋಟೋ. ಉಳಿದದ್ದು ಮುಂಬೈ ಹೋಟೆಲಿನವರ ಜಾಹೀರಾತು. ಸಂಚಿಕೆ ಯಾರು ಓದುತ್ತಾರೆ? ಊಟ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ, ಅಷ್ಟೆ.

ಬಿಜೈ ನರ್ಸಕ್ಕ:

ಓದುವವರು ಇದ್ದಾರೆ ಮಾರಾಯ್ರೆ, ನಾನೇ ಇದ್ದೇನೆ. ಆ ಕಡೆ ತುಂಬ ವರ್ಷ ಕೆಲಸ ಮಾಡಿ ಈಗ ಮಂಗಳೂರಿಗೆ ವಾಪಸು ಬಂದವಳು ನಾನು. ವಯಸ್ಸಾದವರ ವಾರ್ಡಿನಲ್ಲಿ ಡ್ಯೂಟಿ. ಅಲ್ಲಿನ ಅಜ್ಜಂದಿರಿಗೆ ಹರ್ಲಿಂಗ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಒಬ್ಬರಿಗೆ ಮಗಳ ಹೆಸರೇ ಮರೆತುಹೋಗಿತ್ತು. ಆದರೆ ತನ್ನ ಕಾಲದ ತಂಡದ 15 ಮಂದಿಯನ್ನು ಗೋಲ್‌ಕೀಪರ್‌ನಿಂದ ಶುರು ಮಾಡಿ ಸಾಲಾಗಿ ಹೇಳುತ್ತಿದ್ದರು. ಬಿಪಿ ನೋಡಲಿಕ್ಕೆ ಹೋದರೆ ಹದಿನೈದೂ ಮುಗಿದ ಮೇಲೆಯೇ ಕೈ ಚಾಚುವುದು.

ಹರ್ಲಿಂಗ್ ಬಹಳ ಹಳೆಯ ಆಟ. ಆದರೆ ಈಗಿನ ಕ್ಲಬ್ಬು, ಒಂದೇ ನಿಯಮ, ಊರೂರಿನ ಪಂದ್ಯಾಟ ಎಲ್ಲ 1884ರ ನಂತರದ್ದು. ಆ ವರ್ಷ ನವೆಂಬರ್ 1ಕ್ಕೆ ಟಿಪ್ಪರರಿ ಕೌಂಟಿಯ ಥರ್ಲ್ಸ್ ಪೇಟೆಯಲ್ಲಿ, ಹೇಯ್ಸ್ ಎಂಬವರ ಹೋಟೆಲಿನಲ್ಲಿ ಒಂದು ಮೀಟಿಂಗ್ ಆಯಿತು. ಕರೆದದ್ದು ಮೈಕಲ್ ಕ್ಯೂಸಕ್, ಮೇಷ್ಟ್ರು. ಅಧ್ಯಕ್ಷ ಆದದ್ದು ಮಾರಿಸ್ ಡೇವಿನ್, ಆ ಕಾಲದ ದೊಡ್ಡ ಅಥ್ಲೀಟ್. ಆರ್ಚ್‌ಬಿಷಪ್ ಕ್ರೋಕ್ ಬೆನ್ನಿಗೆ ನಿಂತರು. ಹೀಗೆ ಹುಟ್ಟಿದ್ದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಎಲ್ಲರೂ ಜಿಎಎ ಅಂತಲೇ ಹೇಳುವುದು. ತಮಾಷೆ ಏನು ಗೊತ್ತಾ? ಆ ಮೊದಲ ಮೀಟಿಂಗಿಗೆ ಬಂದವರು 7 ಮಂದಿ ಅಂತ ಕೆಲವರು, ಅಲ್ಲ 13 ಅಂತ ಇನ್ನು ಕೆಲವರು. ಇವತ್ತಿಗೂ ಜಗಳ ಮುಗಿದಿಲ್ಲ. ಹಾಗಾಗಿ ನಿಮ್ಮ ಗೆದ್ದಲು ತಿಂದ ರಿಜಿಸ್ಟರಿಗೆ ನಾಚಿಕೆ ಪಡಬೇಕಾಗಿಲ್ಲ.

ಇನ್ನು ಸಣ್ಣ ಊರಿನ ವಿಷಯ. ಎಲ್ಲದರ ಬುಡ ಪ್ಯಾರಿಷ್. ಒಂದು ಇಗರ್ಜಿಯ ವ್ಯಾಪ್ತಿಗೆ ಒಂದು ಕ್ಲಬ್ಬು, ನಮ್ಮ ಹಳೆಯ ಮಾಗಣೆಯ ಹಾಗೆ. ಗಡಿ ಎಲ್ಲಿ ಅಂತ ಮಕ್ಕಳಿಗೂ ಗೊತ್ತು. ಪಕ್ಕದ ಊರಿನ ತಂಡ ಗಟ್ಟಿ ಉಂಟು ಅಂತ ಹಾರಿ ಹೋಗುವುದು ಸುಲಭ ಇಲ್ಲ. ದುಡ್ಡು ಕೊಟ್ಟು ಹೊರಗಿನವರನ್ನು ತರುವ ಹಾಗೂ ಇಲ್ಲ, ಯಾಕೆಂದರೆ ಆಡುವವರಿಗೆ ಸಂಬಳವೇ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಮ್ಮಿನಲ್ಲಿ 82,300 ಜನ ಹಿಡಿಯುತ್ತಾರೆ. ಅಲ್ಲಿ ಫೈನಲ್ ಆಡಿದ ಹುಡುಗ ಅದೇ ವಾರ ಪಾಠ ಮಾಡಲಿಕ್ಕೋ ದನದ ಹಟ್ಟಿಗೋ ಹೋಗುತ್ತಾನೆ. ಮೈದಾನ ಹೆಚ್ಚಿನ ಕಡೆ ಕ್ಲಬ್ಬಿನದ್ದೇ, ಟ್ರಸ್ಟಿಗಳ ಹೆಸರಿನಲ್ಲಿ ದಸ್ತಾವೇಜು ಆಗಿರುತ್ತದೆ. ಜಾಗ ಇದ್ದಲ್ಲಿ ಕಾಗದವೂ ಇರುತ್ತದೆ, ಅಲ್ವಾ.

ಕಿಲ್ಕೆನಿ ಅಂದಿರಿ, ಹಾಗಾಗಿ ಬ್ಯಾಲಿಹೇಲ್ ಹೆಸರು ಹೇಳದೆ ಇರಲಿಕ್ಕೆ ಆಗುವುದಿಲ್ಲ. ನಾಲ್ಕು ಮನೆಯ ಊರು ಅನ್ನಬೇಕು. ಒಂದೇ ಪ್ಯಾರಿಷ್‌ನ ಸಣ್ಣಪುಟ್ಟ ತಂಡಗಳು 1972ರಲ್ಲಿ ಒಟ್ಟಾಗಿ ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಅಂತ ಆಯಿತು. ಕ್ಲಬ್ಬುಗಳ ಅಖಿಲ ಐರ್ಲೆಂಡ್ ಹರ್ಲಿಂಗ್ ಕಪ್ಪನ್ನು 9 ಸಲ ಗೆದ್ದಿದ್ದಾರೆ. ಫೆನೆಲ್ಲಿ ಎಂಬ ಒಂದೇ ಮನೆಯ 7 ಮಂದಿ ಅಣ್ಣತಮ್ಮಂದಿರು ಆ ತಂಡಕ್ಕೆ ಆಡಿದವರು. ಅರ್ಧ ತಂಡ ಒಂದೇ ಅಡುಗೆಮನೆಯಿಂದ! ಅವರ ಅಮ್ಮ ಎಷ್ಟು ಅಂಗಿ ಒಗೆದಿರಬಹುದು ಅಂತ ನಾನು ಯೋಚಿಸುವುದು.

ಮಾಹಿತಿ ಎಲ್ಲಿಂದ ಸಿಕ್ಕಿತು ಅಂದರೆ, ಜಾಸ್ತಿ ಸಿಕ್ಕಿದ್ದು ಕ್ಲಬ್ಬಿನ ಕಪಾಟಿನಲ್ಲಿ ಅಲ್ಲ. ಮೊದಲನೆಯದು ಆ ಕೌಂಟಿಗಳ ಹಳೆಯ ವಾರಪತ್ರಿಕೆ. ಪಂದ್ಯದ ವರದಿಯ ಕೆಳಗೆ ತಂಡದ ಹೆಸರು ಪೂರ್ತಿ ಹಾಕುತ್ತಿದ್ದರು. ಎರಡನೆಯದು, ನಂಬುತ್ತೀರೋ ಇಲ್ಲವೋ, ಪೊಲೀಸರು. ಬ್ರಿಟಿಷ್ ಸರಕಾರಕ್ಕೆ ಈ ಕ್ಲಬ್ಬುಗಳ ಮೇಲೆ ಭಯಂಕರ ಸಂಶಯ. ಯಾವ ಊರಲ್ಲಿ ಕ್ಲಬ್ಬು ಉಂಟು, ಸದಸ್ಯರು ಎಷ್ಟು, ಪಾದ್ರಿಗಳ ಮಾತು ಕೇಳುವವರಾ, ಗುಟ್ಟಾಗಿ ಬಂಡಾಯ ಕಟ್ಟುವವರಾ ಅಂತ 1890ರ ಆಸುಪಾಸಿನಲ್ಲಿ ವರದಿ ಬರೆದು ಇಟ್ಟರು. ಹೊಂಚು ಹಾಕಿದವರ ಕಾಗದವೇ ಈಗ ಕ್ಲಬ್ಬುಗಳ ಚರಿತ್ರೆಗೆ ಆಧಾರ.

ಮತ್ತೆ 1901 ಮತ್ತು 1911ರ ಜನಗಣತಿ. ಮನೆಮನೆಯ ಹಾಳೆಯನ್ನೇ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು. ಹಳೇ ತಂಡದ ಒಂದು ಹೆಸರು ಸಿಕ್ಕಿದರೆ ಸಾಕು, ಆ ಮನೆಯಲ್ಲಿ ಯಾರ್ಯಾರು, ವಯಸ್ಸೆಷ್ಟು, ಓದುಬರಹ ಬರುತ್ತದಾ, ಮನೆಯ ಮುಂಭಾಗಕ್ಕೆ ಕಿಟಕಿ ಎಷ್ಟು, ಹಟ್ಟಿ ಎಷ್ಟು, ಎಲ್ಲ ಉಂಟು. ನಿಮ್ಮ ತಂಗಿ ಕಳಿಸಿದ ಪುಟದಲ್ಲಿ ಕಸುಬು ಬಂದದ್ದು ಹೆಚ್ಚಾಗಿ ಅಲ್ಲಿಂದಲೇ. ಹಾಗಂತ ಅವರಲ್ಲಿ ಎಲ್ಲ ಉಳಿದಿದೆ ಅಂತ ಅಲ್ಲ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಯೇ ಸುಟ್ಟುಹೋಯಿತು.

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಶಾಲೆ ಮಕ್ಕಳ ಕೆಲಸ. 1937ರಿಂದ ದೇಶದ ಪ್ರೈಮರಿ ಶಾಲೆಗಳ ಮಕ್ಕಳಿಗೆ ಹೇಳಿದರು, ನಿಮ್ಮ ಊರಿನ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಅಂತ. ಕತೆ, ಮದ್ದು, ಬಾವಿ, ಆಟ. ಆ ಕೈಬರಹವೂ ಈಗ ಇಂಟರ್ನೆಟ್ಟಿನಲ್ಲಿ ಉಂಟು. ನಿಮ್ಮ ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಇದೇ ಕೆಲಸ ಕೊಡಿ ನೋಡುವ. ಅಜ್ಜಂದಿರು ನಿಮ್ಮ ಮೈಕಿನ ಮುಂದೆ ಭಾಷಣ ಮಾಡಿಯಾರು, ಮೊಮ್ಮಕ್ಕಳ ಹತ್ತಿರ ನಿಜ ಹೇಳುತ್ತಾರೆ.

ಆ ಪುಸ್ತಕಗಳನ್ನು ಪೂಜೆ ಮಾಡಬೇಕಾಗಿಲ್ಲ, ಅದನ್ನೂ ಹೇಳುತ್ತೇನೆ. ಜಿಎಎಗೆ 1984ರಲ್ಲಿ ನೂರು ತುಂಬಿತು, ಆಗ ಊರೂರಲ್ಲಿ ಪುಸ್ತಕ ಬಂತು. ನಾನು ನೋಡಿದ ಕೆಲವದರಲ್ಲಿ ಗೆದ್ದದ್ದು ಮಾತ್ರ ದಪ್ಪ ಅಕ್ಷರದಲ್ಲಿ. ಕಿಲ್ಕೆನಿಯಲ್ಲಿ ಒಂದು ಕಾಲಕ್ಕೆ ಹಳ್ಳಿಹಳ್ಳಿಯಲ್ಲಿ ಕ್ರಿಕೆಟ್ ಇತ್ತು ಗೊತ್ತಾ? ಅದು ಎಷ್ಟೋ ಪುಸ್ತಕದಲ್ಲಿ ಇಲ್ಲ. ಕ್ರಿಕೆಟ್, ಸಾಕರ್, ರಗ್ಬಿ ಆಡಿದರೆ, ನೋಡಲಿಕ್ಕೆ ಹೋದರೂ, ಜಿಎಎಯಿಂದ ಹೊರಗೆ ಹಾಕುವ ನಿಯಮ ಇತ್ತು. 1971ರವರೆಗೂ ಇತ್ತು. ದೇಶದ ಅಧ್ಯಕ್ಷ ಡಗ್ಲಸ್ ಹೈಡ್ ಒಂದು ಸಾಕರ್ ಪಂದ್ಯ ನೋಡಲಿಕ್ಕೆ ಹೋದರು ಅಂತ 1938ರಲ್ಲಿ ಅವರನ್ನೇ ಪೋಷಕ ಸ್ಥಾನದಿಂದ ತೆಗೆದರು! ಇಂಥ ಜಗಳವನ್ನು ಧೈರ್ಯದಲ್ಲಿ ಬರೆದ ಪುಸ್ತಕಗಳೇ ಓದಲಿಕ್ಕೆ ಚೆಂದ. 1890ರ ದಶಕದಲ್ಲಿ ರಾಜಕೀಯ ಒಡೆದು ಕ್ಲಬ್ಬುಗಳು ಮುಚ್ಚಿದ್ದು, 1950ರ ದಶಕದಲ್ಲಿ ಹುಡುಗರೆಲ್ಲ ಇಂಗ್ಲೆಂಡಿಗೆ ಹೋಗಿ 15 ಮಂದಿ ಸಿಗದೆ ಹೋದದ್ದು, ಅದೆಲ್ಲ ಬೇಕು. ನಮ್ಮ ಹುಡುಗರು ಮುಂಬೈ ಹೋಟೆಲಿಗೆ, ಗಲ್ಫಿಗೆ ಹೋಗಿ ತಂಡ ನಿಂತುಹೋದ ವರ್ಷಗಳು ನಿಮ್ಮಲ್ಲೂ ಇರಬೇಕು. ಆ ವರ್ಷಗಳಿಗೆ ಒಂದು ಪುಟ ಇಡಿ. ಹೋದವರ ಹೆಸರು ಹಾಕಿ, ಎಲ್ಲಿಗೆ ಹೋದರು ಅಂತಲೂ ಹಾಕಿ.

ಮತ್ತೆ ಹೆಂಗಸರು. ಅಲ್ಲಿ ಹುಡುಗಿಯರ ಹರ್ಲಿಂಗಿಗೆ ಕಮೋಗಿ ಅನ್ನುತ್ತಾರೆ, 1904ರಿಂದ ಉಂಟು. ಆದರೂ ಹಳೇ ಪುಸ್ತಕದಲ್ಲಿ ಹೆಂಗಸರು ಬರುವುದು ಸ್ಯಾಂಡ್‌ವಿಚ್ ಮಾಡಿದ್ದಕ್ಕೆ ಧನ್ಯವಾದ ಅಂತ ಕೊನೆಯ ಸಾಲಿನಲ್ಲಿ. ನಿಮ್ಮ ಹೊನಲು ಬೆಳಕಿನ ಪಂದ್ಯಾಟಕ್ಕೆ ರಾತ್ರಿ ಎರಡು ಗಂಟೆಗೆ ಗಂಜಿ ಬೇಯಿಸಿದವರು ಯಾರು? ಹೆಸರು ಹಾಕಿ ತಮ್ಮ.

ಸುಮ್ನೆ ಓದುವವ:

ಅಕ್ಕ, ಗಂಜಿ ಬೇಯಿಸಿದವರ ಹೆಸರು ಹಾಕಿದರೆ ಗಂಜಿ ಉಂಡವರೂ ಕೇಳುತ್ತಾರೆ. ಜಾಹೀರಾತಿಗೆ ಜಾಗ ಎಲ್ಲಿ?

ನಿವೃತ್ತ ಪಿಟಿ ಮಾಸ್ತರು, ಕಾರ್ಕಳ:

ನರ್ಸಕ್ಕ ಹೇಳಿದ್ದು ಸರಿ. ಊರಿನ ಮಟ್ಟಿಗೆ ಎರಡು ಮಾತು ಸೇರಿಸುತ್ತೇನೆ.

ನಿಮ್ಮ ಮಂಡಲ 1970ರ ದಶಕದ್ದು. ಆಗ ಉಡುಪಿ ಬರೀ ತಾಲೂಕು, ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಮೊದಲ ನೋಂದಣಿ ಕಾಗದವನ್ನು ಮಂಗಳೂರಿನಲ್ಲೂ ಕೇಳಿ, ಉಡುಪಿಯಲ್ಲೂ ಕೇಳಿ. ಸ್ಥಾಪಕ ಸದಸ್ಯರ ಸಹಿ, ಕಸುಬು ಅದರಲ್ಲಿ ಇರುತ್ತದೆ. ಉದಯವಾಣಿ 1970ರಲ್ಲಿ ಮಣಿಪಾಲದಿಂದ ಶುರು ಆದದ್ದು. ಪಂದ್ಯಾಟದ ಸುದ್ದಿ ಸಣ್ಣದಾಗಿ ಒಳಪುಟದಲ್ಲಿ ಬರುತ್ತಿತ್ತು. ತಾರೀಕು ಗೊತ್ತಿಲ್ಲದಿದ್ದರೆ ಹುಡುಕುವುದು ಕಷ್ಟ. ಶೀಲ್ಡಿನ ಮೇಲೆ ವರ್ಷ ಕೆತ್ತಿರುತ್ತದೆ, ಅದನ್ನು ಮೊದಲು ಒರಸಿ ನೋಡಿ. ಆಮಂತ್ರಣ ಪತ್ರಿಕೆ ಹಳೇ ಪ್ರೆಸ್ಸಿನವರ ಹತ್ತಿರ ಸಿಕ್ಕಿದರೂ ಸಿಕ್ಕೀತು.

ಆಮೇಲೆ ಗದ್ದೆ. ನಮ್ಮ ಕಾಲದಲ್ಲಿ ಕಬಡ್ಡಿ, ವಾಲಿಬಾಲ್ ಎಲ್ಲ ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಮೇಲೆ ಬಾಕಿಮಾರು ಗದ್ದೆಯಲ್ಲಿ, ಅಂದರೆ ಮನೆ ಎದುರಿನ ದೊಡ್ಡ ಗದ್ದೆಯಲ್ಲಿ. ಕೂಳೆ ಕೆತ್ತಿ, ನೀರು ಹಾಕಿ, ಗುಮ್ಮಿ ಗಟ್ಟಿ ಮಾಡುವುದು. ಮೊದಲು ಧನಿಗಳನ್ನು ಕೇಳಿದರೆ ಆಗುತ್ತಿತ್ತು. 1974ರಲ್ಲಿ ಭೂ ಸುಧಾರಣೆ ಬಿಗಿಯಾಗಿ ಬಂದು ಗದ್ದೆ ಗೇಣಿಯವರ ಹೆಸರಿಗೆ ಆಯಿತು. ಯಾರನ್ನು ಕೇಳಬೇಕು, ಯಾರು ಯಾರ ಗದ್ದೆಯಲ್ಲಿ ಆಡಬಹುದು, ಈ ಲೆಕ್ಕವೇ ಬದಲಾಯಿತು. ನಿಮ್ಮ ಮಂಡಲ ಹುಟ್ಟಿದ್ದು ಸರಿಯಾಗಿ ಆ ಹೊತ್ತಿಗೆ. ಅದು ಸುಮ್ನೆ ಅಲ್ಲ ಅಂತ ನನ್ನ ಅಭಿಪ್ರಾಯ. ಮೊದಲ ಪಂದ್ಯಾಟ ಯಾರ ಗದ್ದೆಯಲ್ಲಿ ಆಯಿತು ಅಂತ ಕೇಳಿ, ಊರಿನ ಅರ್ಧ ಚರಿತ್ರೆ ಹೊರಗೆ ಬರುತ್ತದೆ. ಯಾರನ್ನು ಆಡಲಿಕ್ಕೆ ಕರೆಯಲಿಲ್ಲ ಅಂತಲೂ ಕೇಳಿ. ಉತ್ತರ ಬೇಗ ಬರುವುದಿಲ್ಲ, ಕಾಯಿರಿ.

ಇನ್ನೊಂದು. ಸಂಘ ಕಟ್ಟುವ ಮೊದಲೂ ಐರ್ಲೆಂಡಿನಲ್ಲಿ ಊರಿಗೆ ಊರೇ ಚೆಂಡಿನ ಹಿಂದೆ ಓಡುವ ಆಟ ಇತ್ತಂತೆ. ನಮ್ಮಲ್ಲೂ ಪೊಳಲಿ ಚೆಂಡು ಇಲ್ವಾ? ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆಯಲ್ಲಿ ಐದು ದಿನ ಆಡುವುದು. ತೊಗಲಿನ ಚೆಂಡು ಮೂಡುಬಿದಿರೆಯ ಒಂದು ಮನೆತನದವರು ಹೊಲಿದು ಕೊಡಬೇಕು. ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಅಂತ ಕಟ್ಟಳೆ ಉಂಟು. ಬರೆದಿಡದೆ ಉಳಿದದ್ದು ಅದು. ವಾಲಿಬಾಲಿಗೆ ಅಂಥ ಕಟ್ಟಳೆ ಇಲ್ಲ, ಅದಕ್ಕೆ ಪುಸ್ತಕವೇ ಬೇಕು.

ಶಿರ್ವ ಕಡೆಯವ:

ಅಕ್ಕ, ಮಾಸ್ತರ್ರೆ, ಇಬ್ಬರಿಗೂ ದೊಡ್ಡ ನಮಸ್ಕಾರ. ಮೊದಲ ಪಂದ್ಯಾಟದ ಗದ್ದೆ ವಿಷಯ ಮನೆಯಲ್ಲಿ ಕೇಳಿದೆ. ಅಪ್ಪ ಒಂದು ಹೆಸರು, ದೊಡ್ಡಪ್ಪ ಇನ್ನೊಂದು ಹೆಸರು ಹೇಳಿದರು. ಊಟದ ಹೊತ್ತಿಗೆ ಮಾತು ಜೋರಾಯಿತು. ಎರಡನ್ನೂ ಬರೆದುಕೊಂಡಿದ್ದೇನೆ.

ಅಕ್ಕ, ಒಂದು ಸಂಶಯ. ತಂಗಿ ಕಳಿಸಿದ ಪುಟದಲ್ಲಿ ಸ್ಕೋರು 2-7, 0-9 ಅಂತ ಉಂಟು. ಗೆದ್ದದ್ದು ಯಾರು? ಮತ್ತೆ ಒಂದು ಹಳೇ ಫೋಟೋದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮಂದಿ ಕೋಲು ಹಿಡಿದು ನಿಂತಿದ್ದಾರೆ. ನೀವು 15 ಅಂದಿರಿ.

ಬಿಜೈ ನರ್ಸಕ್ಕ:

ಗದ್ದೆಯ ಎರಡೂ ಹೆಸರು ಬರೆದದ್ದು ಒಳ್ಳೆಯದಾಯಿತು, ಎರಡನ್ನೂ ಅಚ್ಚು ಹಾಕಿ.

ಮೊದಲ ಅಂಕೆ ಗೋಲು, ಎರಡನೆಯದು ಪಾಯಿಂಟು. ಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಪಾಯಿಂಟು. ಹರ್ಲಿಂಗಿನಲ್ಲಿ ಒಂದು ಗೋಲಿಗೆ ಮೂರು ಪಾಯಿಂಟು. ಹಾಗಾಗಿ 2-7 ಅಂದರೆ 13, ಅವರೇ ಗೆದ್ದದ್ದು. ಆದರೆ ವರ್ಷ ನೋಡಿಕೊಳ್ಳಿ. ಮೂರರ ಲೆಕ್ಕ ಬಂದದ್ದು 1896ರಲ್ಲಿ. ಅದಕ್ಕೆ ಮೊದಲು ಐದು ಇತ್ತು. 1892ಕ್ಕೂ ಹಿಂದೆ ಆದರೆ ಒಂದು ಗೋಲಿನ ಮುಂದೆ ಎಷ್ಟು ಪಾಯಿಂಟು ಇದ್ದರೂ ಸಮ ಅಲ್ಲ.

ಫೋಟೋದಲ್ಲಿ ಜನ ಜಾಸ್ತಿ ಇದ್ದದ್ದು ಅದಕ್ಕೇ. ಶುರುವಿನಲ್ಲಿ ಒಂದು ತಂಡಕ್ಕೆ 21 ಮಂದಿ. ಆಮೇಲೆ 17 ಆಯಿತು, 15 ಆದದ್ದು 1913ರಲ್ಲಿ. ಕೋಲು ಹಿಡಿದವರನ್ನು ಎಣಿಸಿ, ಸರಿಯಾಗಿ 21 ಬಂದರೆ ಫೋಟೋ 1892ಕ್ಕಿಂತ ಹಿಂದಿನದ್ದು ಅಂತ ಹೆಚ್ಚುಕಡಿಮೆ ಹೇಳಬಹುದು. ಕೋಲು ಇಲ್ಲದೆ ಕೋಟು ಹಾಕಿ ತುದಿಯಲ್ಲಿ ನಿಂತವರನ್ನು ಎಣಿಸಬೇಡಿ. ಅವರು ಸೆಕ್ರೆಟರಿಯೋ ಪಾದ್ರಿಯೋ ಆಗಿರುತ್ತಾರೆ. ಆ ಫೋಟೋ ನನಗೂ ಕಳಿಸಿ, ನೋಡುತ್ತೇನೆ.