ಸಮಸ್ಯೆ: ‘ಗಂಡನರಸುತ ಹೋಗಿ ಗಂಡಾದಳವಳು’

ಮಡಿಕೇರಿ: ಕೊಡಗಿನ ಊರೂರ ಪದ್ಯಪ್ರಿಯರೇ, ಇದು ಸಮಸ್ಯಾಪೂರಣ: ಕೊಟ್ಟ ಸಾಲಿಗೆ ಉಳಿದ ಸಾಲು ಕಟ್ಟಿ ಪದ್ಯ ತುಂಬಿಸಬೇಕು. ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಚೌಪದಿ, ಕೊನೆಯ ಸಾಲು ಮೇಲಿದೆ. ಸಾಲುಗಳ ಎರಡನೆಯ ಅಕ್ಷರ ಹೊಂದುವ ಆದಿಪ್ರಾಸ ಬಿಡುವಂತಿಲ್ಲ. ವಸ್ತು, ಗಂಡುಡುಗೆಯಲ್ಲಿ ಸೇನೆ ಸೇರಿದ ಹೆಣ್ಣುಗಳು. ದಯವಿಟ್ಟು ಬೃಹನ್ನಳೆಯನ್ನು ಎಳೆದು ತರಬೇಡಿ, ಅದು ತಿರುಗುಮುರುಗು.

ವಿರಾಜಪೇಟೆ: ದಂಡು, ಗುಂಡು ಎರಡನ್ನೂ ಪ್ರಾಸದಲ್ಲೇ ಕೈಗಿಟ್ಟಿದ್ದೀರಿ. ಇಗೋ, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹನ್ನಾ ಸ್ನೆಲ್:

ದಂಡು ಸೇರಲು ಭಾವನಂಗಿಯಲಿ ಹಡಗೇರಿ
ಗುಂಡು ಮೈಹೊಕ್ಕರೂ ಗುಟ್ಟುಳಿಸಿದವಳು
ಮಂಡಿಯೂರದೆ ದೇವಿಕೋಟೆಯಲಿ ಕಾದಿದಳು
ಗಂಡನರಸುತ ಹೋಗಿ ಗಂಡಾದಳವಳು

ಗಂಡ ಬಿಟ್ಟುಹೋದ, ಕೂಸು ತೀರಿಕೊಂಡಿತು, ಹನ್ನಾ ಅವನನ್ನು ಹುಡುಕಿ ಹೊರಟಳು. ಸೋದರಿಯ ಗಂಡ ಜೇಮ್ಸ್ ಗ್ರೇಯ ಬಟ್ಟೆಯನ್ನೂ ಹೆಸರನ್ನೂ ತೊಟ್ಟು ಬ್ರಿಟಿಷ್ ನೌಕಾದಳದ ಸಿಪಾಯಿಯಾದಳು. 1749ರಲ್ಲಿ ದೇವಿಕೋಟೆಯ ಮುತ್ತಿಗೆ. ನಮ್ಮ ತಲಕಾವೇರಿಯ ನೀರು ಕೊಳ್ಳಿಡಂ ಕವಲಾಗಿ ಕಡಲು ಸೇರುವ ಕಡೆಯದು ಆ ಕೋಟೆ! ತೊಡೆಸಂದಿಗೆ ಹೊಕ್ಕ ಗುಂಡನ್ನು ವೈದ್ಯನಿಗೆ ತೋರಿಸದೆ, ಅಲ್ಲಿನ ಹೆಂಗಸೊಬ್ಬಳ ನೆರವಿನಿಂದ ತಾನೇ ಕಿತ್ತೆನೆಂದು ಮುಂದೆ ಹೇಳಿಕೊಂಡಳು. 1750ರಲ್ಲಿ ಊರಿಗೆ ಮರಳಿ ಗುಟ್ಟು ಬಿಚ್ಚಿದಳು, ಪಿಂಚಣಿಯೂ ಸಿಕ್ಕಿತು.

ಗೋಣಿಕೊಪ್ಪ: ಪದ್ಯ ಸೊಗಸು, ‘ಮಂಡಿಯೂರದೆ’ ಮಾತ್ರ ಒಪ್ಪಲಾರೆ. ಆ ಕಾಲದ ಬ್ರಿಟಿಷ್ ದಳದಲ್ಲಿ ಮುಂದಿನ ಸಾಲು ಮಂಡಿಯೂರಿಯೇ ಗುಂಡು ಹಾರಿಸುತ್ತಿತ್ತು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸುವ ನಾಡಿನವರು ಇಷ್ಟಾದರೂ ನೋಡಬೇಡವೆ? ‘ಮಂಡಿಯೂರುತ’ ಎನ್ನಿ. ಮಾತ್ರೆಯೂ ಕೆಡುವುದಿಲ್ಲ, ಕೋವಿಯ ಗುರಿಯೂ ತಪ್ಪುವುದಿಲ್ಲ.

ಸೋಮವಾರಪೇಟೆ: ನನ್ನ ತಕರಾರು ಸಮಸ್ಯೆಯ ಮೇಲೆಯೇ. ಹೆಣ್ಣು ಯುದ್ಧಕ್ಕೆ ಹೋದಳೆಂದರೆ ಹಿಂದೊಬ್ಬ ಗಂಡಸು ಇರಲೇಬೇಕೆ? 1782ರಲ್ಲಿ ರಾಬರ್ಟ್ ಶರ್ಟ್ಲಿಫ್ ಎಂಬ ಹೆಸರಿನಲ್ಲಿ ಅಮೆರಿಕದ ಸೇನೆ ಸೇರಿದ ಡೆಬೊರಾ ಸ್ಯಾಂಪ್ಸನ್‌ಗೆ ಆಗ ಮದುವೆಯೇ ಆಗಿರಲಿಲ್ಲ. ರಷ್ಯದ ನಾದೆಝ್ದಾ ದುರೋವಾ ಗಂಡನನ್ನೂ ಮಗನನ್ನೂ ಬಿಟ್ಟು 1806ರಲ್ಲಿ ಕುದುರೆ ದಳದ ಹಿಂದೆ ಹೊರಟವಳು. ಗುಟ್ಟು ತಿಳಿದ ಮೇಲೂ ರಷ್ಯದ ಝಾರ್ ದೊರೆ ಒಂದನೆಯ ಅಲೆಕ್ಸಾಂಡರ್ ಆಕೆಯನ್ನು ಮನೆಗೆ ಅಟ್ಟಲಿಲ್ಲ. ಅಲೆಕ್ಸಾಂದ್ರೋವ್ ಎಂದು ತನ್ನ ಹೆಸರನ್ನೇ ಕೊಟ್ಟು ದಳದಲ್ಲಿ ಉಳಿಸಿದ.

ಗಂಡನನು ಬಿಟ್ಟೋಡಿ ಕುದುರೆಯೇರಿದಳಿವಳು
ಕಂಡು ಮೆಚ್ಚಿದ ಝಾರನೇ ಹೆಸರನಿತ್ತ
ಪಂಡಿತರೆ, ಬೆರೆಸದಿರಿ ಕಥೆಯೆರಡ, ಇವಳಲ್ಲ,
ಗಂಡನರಸುತ ಹೋಗಿ ಗಂಡಾದಳವಳು

ವಿರಾಜಪೇಟೆ: ‘ಇವಳಲ್ಲ… ಅವಳು’! ನನ್ನ ಹನ್ನಾಳನ್ನೇ ಬೆರಳು ಮಾಡಿ ತೋರಿಸಿಬಿಟ್ಟಿರಲ್ಲ.

ಮಡಿಕೇರಿ: ಪೂರಣವೆಂದರೆ ಇದು. ಕೊಟ್ಟ ಸಾಲನ್ನು ಮುಟ್ಟದೆ ಅದರ ಅರ್ಥವನ್ನೇ ತಿರುಗಿಸಿದ್ದಾರೆ. ಈ ಸಲದ ಗೆಲುವು ಸೋಮವಾರಪೇಟೆಗೆ. ‘ಕಥೆಯೆರಡ’ ಸ್ವಲ್ಪ ಬಿಗಿಯಾಯಿತು, ಇರಲಿ.

ಗೋಣಿಕೊಪ್ಪ: ಹಾಗಾದರೆ ಮುಂದಿನ ಸಮಸ್ಯೆ ನನ್ನದು. ನಮ್ಮ ಕೊಡಗಿನ ಕುಂಡೆ ಹಬ್ಬದಲ್ಲಿ ಹೆಣ್ಣುಡುಗೆ ತೊಟ್ಟು ಬೈಗುಳದ ಮಳೆಗರೆಯುವ ಗಂಡಸರನ್ನು ಕಂಡವರಿಗೆ ಕಷ್ಟವಾಗದು: ‘ಹೆಂಡತಿಯ ಸೀರೆಯಲಿ ಗಂಡು ಕುಣಿದಿಹನು’. ಪ್ರಾಸ ಅದೇ. ಬೃಹನ್ನಳೆಗೆ ಈ ಸಲ ಬಾಗಿಲು ತೆರೆದಿದೆ.