ಐದು ವರ್ಷದ ಮಗನಿಗೆ ಎಂಬತ್ತರ ದಶಕದ ಬ್ರಿಟಿಷ್ ಟಿವಿ: ಯಾವುದು ತೋರಿಸಲಿ?

ಕಾರ್ಡಿಫ್: ಎಲ್ಲರಿಗೂ ನಮಸ್ಕಾರ. ನಾವು ವೇಲ್ಸ್‌ನ ಕಾರ್ಡಿಫ್‌ನಲ್ಲಿರುವ ಕನ್ನಡಿಗರು. ಮಗನಿಗೆ ಐದು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಇಲ್ಲಿನ ಭಾಷೆ ವೆಲ್ಷ್‌ನ ಹಾಡುಗಳು. ಮನೆಗೆ ಬಂದರೆ ಯೂಟ್ಯೂಬ್. ಒಂದು ವಿಡಿಯೋನೂ ಪೂರ್ತಿ ನೋಡುವುದಿಲ್ಲ, ಬೆರಳಲ್ಲಿ ತಳ್ಳುತ್ತಲೇ ಇರುತ್ತಾನೆ. ಆಫ್ ಮಾಡಿದರೆ ರಂಪ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಪಕ್ಕದ ಮನೆಯ ಅಜ್ಜಿ, "ಎಂಬತ್ತರ ದಶಕದ ಮಕ್ಕಳ ಕಾರ್ಯಕ್ರಮ ತೋರಿಸು, ನಿಧಾನವಾಗಿರುತ್ತವೆ" ಅಂದರು. ನಮಗೆ ಆಗಿನದು ಏನೂ ಗೊತ್ತಿಲ್ಲ. ಯಾವುದು ಒಳ್ಳೆಯದು? ಕನ್ನಡ ಇನ್ನೂ ಹಿಂದೆ ಬೀಳುತ್ತದಾ?

ರೆಡಿಂಗ್: ಭಯ ಬೇಡ. ಪೋಸ್ಟ್‌ಮನ್ ಪ್ಯಾಟ್ ಅನ್ನೋ ಬೊಂಬೆ ಕಾರ್ಯಕ್ರಮದಿಂದ ಶುರು ಮಾಡಿ. 1981ರದು, ಒಂದೊಂದು ಕಂತು ಕಾಲು ಗಂಟೆ. ಕೆಂಪು ವ್ಯಾನು, ಜೆಸ್ ಅನ್ನೋ ಬೆಕ್ಕು, ಹಳ್ಳಿಯ ಮನೆಮನೆಗೆ ಕಾಗದ. ಅಷ್ಟೇ ಕತೆ. ಆಮೇಲೆ 1984ರ ಥಾಮಸ್ ರೈಲು, ಐದೈದು ನಿಮಿಷದ್ದು. ಒಂದು ವಿಷಯ ಗಮನಿಸಿ. ಈ ಹಳೆಯ ಬೊಂಬೆಗಳು ಬಾಯಿ ಅಲ್ಲಾಡಿಸುವುದಿಲ್ಲ. ಒಬ್ಬರೇ ಕೂತು ಎಲ್ಲರ ಮಾತನ್ನೂ ಹೇಳುತ್ತಾರೆ. ಥಾಮಸ್‌ಗೆ ಬೀಟಲ್ಸ್‌ನ ರಿಂಗೋ ಸ್ಟಾರ್ ಹೇಳಿದ್ದು. ಹಾಗಾಗಿ ಮ್ಯೂಟ್ ಮಾಡಿ ನೀವೇ ಕನ್ನಡದಲ್ಲಿ ಕತೆ ಹೇಳಬಹುದು. ನಮ್ಮ ಮಗಳು ಹಾಗೇ ಮಾತು ಕಲಿತಳು. ಪಕ್ಕದಲ್ಲಿ ಕೂರಬೇಕು, ಅದೊಂದು ಮಾತ್ರ ತಪ್ಪಿಸಬೇಡಿ.

ಲೆಸ್ಟರ್: ಹಳೆಯದೆಲ್ಲ ನೆನಪಾಯಿತಮ್ಮ. ನಾವು ಬಂದಾಗ ಇದ್ದದ್ದು ಮೂರೇ ಚಾನೆಲ್. 1982ರ ನವೆಂಬರಿನಲ್ಲಿ ಚಾನೆಲ್ 4 ಬಂತು. ಬಿಬಿಸಿಯಲ್ಲಿ ಏಷ್ಯನ್ನರಿಗೆ ಅಂತ ಹಿಂದಿ-ಉರ್ದು ಕಾರ್ಯಕ್ರಮ ಬರುತ್ತಿತ್ತು. ಕನ್ನಡ ಎಲ್ಲಿಂದ ಬರಬೇಕು? ಯೆಸ್ ಮಿನಿಸ್ಟರ್ ಅನ್ನೋ ರಾಜಕೀಯ ಹಾಸ್ಯ ಧಾರಾವಾಹಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡುತ್ತಿದ್ದೆವು. ಮಗಳು ಗ್ರೇಂಜ್ ಹಿಲ್ ಅನ್ನೋ ಶಾಲೆಯ ಕತೆಯ ಮಕ್ಕಳ ಧಾರಾವಾಹಿ ಬಿಡುತ್ತಿರಲಿಲ್ಲ. 1986ರಲ್ಲಿ ಅದರ ಜ್ಯಾಮೋ ಅನ್ನೋ ಹುಡುಗ ಹೆರಾಯಿನ್ ಚಟಕ್ಕೆ ಬಿದ್ದ ಕತೆ ಬಂತು. ಅದನ್ನು ನೋಡಿಯೇ ನಾವು ಮಗಳ ಜೊತೆ ಡ್ರಗ್ಸ್ ಬಗ್ಗೆ ಮೊದಲ ಸಲ ಮಾತಾಡಿದ್ದು. ಮಗಳು ಈಗ ಡಾಕ್ಟರ್. ತುಂಬಾ ಹೆಮ್ಮೆ. ಆದರೆ ಊರಿಗೆ ಹೋದಾಗ ಅವಳ ಅಜ್ಜಿಯ ಹತ್ತಿರ "ಹೂಂ", "ಬೇಡ" ಬಿಟ್ಟರೆ ಮಾತು ಬರುತ್ತಿರಲಿಲ್ಲ. ಅಜ್ಜಿ ಈಗಿಲ್ಲ.

ಸ್ವಾನ್ಸೀ: ಎಲ್ಲರೂ ಇಂಗ್ಲಿಷ್ ಬೊಂಬೆಗಳ ಹೆಸರೇ ಹೇಳುತ್ತಿದ್ದೀರಿ! ಮೇಡಂ ಇರುವುದು ವೇಲ್ಸ್‌ನಲ್ಲಿ. ಇಲ್ಲಿನವರು ಮಾಡಿದ್ದನ್ನು ನೋಡಿ. ವೆಲ್ಷ್ ಚಾನೆಲ್ ಕೊಡುತ್ತೇವೆ ಅಂದ ಥ್ಯಾಚರ್ ಸರಕಾರ ಮಾತು ತಪ್ಪಿತು. 1980ರಲ್ಲಿ ವೆಲ್ಷ್ ರಾಷ್ಟ್ರೀಯವಾದಿ ನಾಯಕ ಗ್ವಿನ್ಫರ್ ಇವಾನ್ಸ್ ಸಾಯುವವರೆಗೆ ಉಪವಾಸ ಮಾಡುತ್ತೇನೆ ಅಂದರು. ಸರಕಾರ ಬಗ್ಗಿತು. 1982ರ ನವೆಂಬರ್ 1ಕ್ಕೆ ಎಸ್4ಸಿ ಅನ್ನೋ ವೆಲ್ಷ್ ಚಾನೆಲ್ ಶುರುವಾಯಿತು. ಆಗ ವೆಲ್ಷ್ ಮಾತಾಡುವವರು ಸುಮಾರು ಐದು ಲಕ್ಷ. ಅಷ್ಟೇ ಜನ ಇದ್ದರೂ ಮಕ್ಕಳಿಗಾಗಿ ತಮ್ಮದೇ ಸೂಪರ್‌ಟೆಡ್ ಅನ್ನೋ ಕರಡಿಯ ಕಾರ್ಟೂನ್ ಮಾಡಿಕೊಂಡರು. ಫೈರ್‌ಮನ್ ಸ್ಯಾಮ್ ಅನ್ನೋ ಅಗ್ನಿಶಾಮಕನ ಬೊಂಬೆ ಕಾರ್ಯಕ್ರಮ ಕೂಡ 1987ರಲ್ಲಿ ಮೊದಲು ಬಂದದ್ದು ವೆಲ್ಷ್‌ನಲ್ಲೇ. ನಾವು ಕನ್ನಡಿಗರು ಕೋಟಿಗಟ್ಟಲೆ ಇದ್ದೇವೆ. ಮನೆಯೊಳಗೆ ಇಂಗ್ಲಿಷ್ ಟಿವಿ ಪೂರ್ತಿ ನಿಲ್ಲಿಸಿ. ಮಗು ಅಳಲಿ, ಎರಡು ವಾರ ಅಷ್ಟೇ.

ಸ್ಲೌ: ನಿಲ್ಲಿಸಿ ಅನ್ನುವುದು ಸುಲಭ ಸರ್. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಸಂಜೆ ಅಡುಗೆ ಯಾರು ಮಾಡುವುದು? ಅವರಿಗೆ ಚಾನೆಲ್, ಸರಕಾರದ ದುಡ್ಡು, ವೆಲ್ಷ್ ಶಾಲೆ ಎಲ್ಲ ಇತ್ತು.

ಸ್ವಾನ್ಸೀ: ಕೇಳಿದ ಮೇಲೆ ಸಿಕ್ಕಿತು. ನಾವು ಕೇಳಿದ್ದೇವಾ?

ಲೆಸ್ಟರ್: ನಮ್ಮ ಸಂಘದಲ್ಲಿ ಭಾನುವಾರದ ಕನ್ನಡ ತರಗತಿಗೇ ಮಕ್ಕಳು ಬರುವುದಿಲ್ಲ.

ಸ್ವಾನ್ಸೀ: ಅದಕ್ಕೇ ಹೇಳಿದ್ದು. ಮೊದಲು ಮನೆಯಲ್ಲಿ ಹಟ ಬೇಕು.

ಕಾರ್ಡಿಫ್: ಸರ್, ನಿಮ್ಮ ಮಾತು ಒಪ್ಪುತ್ತೇನೆ. ನಿಲ್ಲಿಸಿ ನೋಡಿದ್ದೇವೆ, ಆಗಲಿಲ್ಲ. ರೆಡಿಂಗ್ ಅಕ್ಕ, ಫೈರ್‌ಮನ್ ಸ್ಯಾಮ್‌ನ ಹಳೆಯ ಕಂತುಗಳಲ್ಲೂ ಬಾಯಿ ಅಲ್ಲಾಡುವುದಿಲ್ಲವಾ?

ರೆಡಿಂಗ್: ಇಲ್ಲ. ಎಂಬತ್ತರ ಬೊಂಬೆಗಳದ್ದೇ ನೋಡಿ, ಆಮೇಲೆ ಬಂದ ಕಂಪ್ಯೂಟರ್ ಚಿತ್ರದ್ದು ಬೇಡ. ಅದರ ಪಾಂಟಿಪ್ಯಾಂಡಿ ವೇಲ್ಸ್‌ನ ಹಳ್ಳಿ ಅಂತಲೇ ಕತೆ. ಅವನಿಗೆ ತನ್ನ ಊರಿನದೇ ಅನ್ನಿಸುತ್ತದೆ. ಸಂಜೆ ಒಂದೇ ಕಂತು ಸಾಕು.