ನಮ್ಮನೆಯಲ್ಲಿ ಕನ್ನಡ ಶುರುವಾಗಿದ್ದು ಠ ಅಕ್ಷರದಿಂದ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಕನ್ನಡ ಅಕ್ಷರ ಎಲ್ಲಿಂದ ಶುರು ಮಾಡಿಸಬೇಕು ಅಂತ ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು. ನಮ್ಮಲ್ಲಿ ಅದು ಅ, ಆ, ಇ, ಈ ಇಂದ ಶುರುವಾಗಲಿಲ್ಲ.

ಮಗಳಿಗೆ ಹತ್ತು ವರ್ಷ. ಈ ಸಲ ರಜೆಗೆ ತುಮಕೂರಿನ ತಾತನ ಮನೆಗೆ ಹೋಗಿದ್ದೆವು. ಗೆಳತಿಗೆ ಮೆಸೇಜ್ ಮಾಡುತ್ತಾ ಈ ಮುಖ ಹಾಕಿದಳು: ಠ_ಠ. ದುರುಗುಟ್ಟಿ ನೋಡುವ ಮುಖ. ಅವಳ ಕ್ಲಾಸಿನ ಮಕ್ಕಳೆಲ್ಲ ಬಳಸುತ್ತಾರಂತೆ. "ಇದು ನಮ್ಮ ಕನ್ನಡದ ಠ ಕಣೇ" ಅಂದರೆ ನಂಬಲೇ ಇಲ್ಲ.

ನಮ್ಮಪ್ಪ ರಿಟೈರ್ ಆದ ಮೇಷ್ಟ್ರು. ಸ್ಲೇಟು ತಂದು ರ ಬರೆದರು. ಒಳಗೊಂದು ಚುಕ್ಕಿ ಇಟ್ಟರು. "ನೋಡು ಪುಟ್ಟಿ, ಠ ಆಯಿತು. ನೀನು ಹುಬ್ಬು ಅಂದುಕೊಂಡಿದ್ದೀಯಲ್ಲ, ಅದು ತಲೆಕಟ್ಟು." ಅವಳು ಅಳುವ ಮುಖವನ್ನೂ ತೋರಿಸಿದಳು: ಥ_ಥ. ಅದರಲ್ಲಿ ಕಣ್ಣೀರಾಗಿರುವುದು ಥ ಅಕ್ಷರದ ಹೊಟ್ಟೆ ಸೀಳುವ ಗೀಟು! ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರ್, ಮೊಬೈಲಿನಲ್ಲಿ ಬಳಸಲು ಇರುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಅದಕ್ಕೇ ಕನ್ನಡ ಬಾರದವರ ಕೈಗೂ ನಮ್ಮ ಅಕ್ಷರ ಸಿಕ್ಕಿದ್ದು.

ನನಗೆ ಜಾಸ್ತಿ ಆಶ್ಚರ್ಯವಾಗಿದ್ದು ಉಚ್ಚಾರಣೆಯಲ್ಲಿ. ಇವಳ ಹಾಗೆ ಇಂಗ್ಲಿಷ್ ನಡುವೆ ಬೆಳೆದ ಮಕ್ಕಳಿಗೆ ಮಹಾಪ್ರಾಣ ಕಷ್ಟ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಇಂಗ್ಲಿಷಿನಲ್ಲಿ 'ಟಾಪ್' ಅನ್ನುವಾಗ ಮೊದಲ ಅಕ್ಷರದ ಜೊತೆ ಉಸಿರು ಹೊರಗೆ ಬರುತ್ತದೆ, 'ಸ್ಟಾಪ್' ಅನ್ನುವಾಗ ಬರುವುದಿಲ್ಲ. ಅಪ್ಪ ಅವಳ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿಸಿ ಎರಡೂ ಹೇಳಿಸಿದರು. ಠ ಸಲೀಸಾಗಿ ಬಂತು. ಅಂಗೈಗೆ ಉಸಿರು ತಾಗದ ಹಾಗೆ ಟ ಹೇಳುವುದಕ್ಕೆ ಎರಡು ದಿನ ಹಿಡಿಯಿತು. ನಿಮ್ಮ ಮಗು 'ಟೋಪಿ'ಗೆ 'ಠೋಪಿ' ಅಂದರೆ ಗದರಬೇಡಿ, ಅಂಗೈ ಹಿಡಿಸಿ ನೋಡಿ.

ಆಮೇಲೆ ಊರೆಲ್ಲ ಠ ಹುಡುಕಾಟ. 'ಪೊಲೀಸ್ ಠಾಣೆ' ಬೋರ್ಡ್ ಕಂಡು ಕುಣಿದಾಡಿದಳು. ಪೊಲೀಸರಿಗೆ ದುರುಗುಟ್ಟುವ ಕಣ್ಣು ಸರಿಯಾಗಿದೆ ಅಂತ! ಸಿದ್ಧಗಂಗಾ ಮಠಕ್ಕೆ ಹೋದಾಗ ಅಲ್ಲೊಂದು ಠ ಸಿಕ್ಕಿತು. ಪಕ್ಕದಲ್ಲಿದ್ದ ಮ ಕೂಡ ಕಲಿತಳು. ಅವಳು ತಾನಾಗಿ ಓದಿದ ಮೊದಲ ಕನ್ನಡ ಪದ 'ಮಠ'. ಅಪ್ಪನ ಕಣ್ಣು ಒದ್ದೆಯಾಗಿತ್ತು.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗೂ ಇರುತ್ತದೆ, ಅಲ್ವಾ? ತೆಲುಗಿನ ಠ ಕೂಡ ಒಳಗೆ ಚುಕ್ಕಿ ಇರುವ ದುಂಡನೆಯ ಅಕ್ಷರವೇ, ತಲೆಕಟ್ಟು ಮಾತ್ರ ಬೇರೆ. ಎರಡೂ ಲಿಪಿ ಒಟ್ಟಿಗೆ ಕಲಿಸಿದವರು ಇದ್ದೀರಾ? ಮಕ್ಕಳು ಗೊಂದಲ ಮಾಡಿಕೊಂಡರಾ, ಇಲ್ಲ ಒಂದರಿಂದ ಇನ್ನೊಂದು ಸುಲಭವಾಯಿತಾ? ತಂಗಿಯ ಮಗನಿಗೂ ಶುರು ಮಾಡಿಸಬೇಕು, ದಯವಿಟ್ಟು ತಿಳಿಸಿ.